ಮಾರ್ಕ 1:35 ಓದುವಾಗ ಹಿಂದೆ ಮುಂದೆನೂ ಓದಿ: ಪ್ರಾರ್ಥನೆ, ಏಕಾಂತದ ಬಗ್ಗೆ ನನ್ನ ನೋಟ್ಸ್

ಏಕಾಂತ ಪ್ರಾರ್ಥನೆ ಅಂದ ತಕ್ಷಣ ನಾವೆಲ್ಲ ಬೈಬಲಲ್ಲಿ ಮಾರ್ಕ 1:35 (ಮಾರ್ಕನ ಸುವಾರ್ತೆ, 1ನೇ ಅಧ್ಯಾಯ, 35ನೇ ವಚನ) ತೆಗೀತೀವಿ, ಇನ್ನೂ ಕತ್ತಲಿರುವಾಗಲೇ ಯೇಸುಸ್ವಾಮಿ ಎದ್ದು ಜನ ಇಲ್ಲದ ಜಾಗಕ್ಕೆ ಹೋಗಿ ಪ್ರಾರ್ಥನೆ ಮಾಡಿದ್ರು ಅಂತ. ಆದ್ರೆ ಅದೊಂದೇ ವಚನ ಓದಿ ನಿಲ್ಲಿಸ್ಬೇಡಿ, 21ರಿಂದ 39ರವರೆಗೆ ಒಂದೇ ಸಲ ಓದಿ, ಆಗ್ಲೇ ಅದರ ತೂಕ ಗೊತ್ತಾಗೋದು.

ಹಿಂದಿನ ದಿನ ಕಪೆರ್ನೌಮ್ ಅನ್ನೋ ಊರಲ್ಲಿ ಸಬ್ಬತ್, ಅಂದ್ರೆ ಯೆಹೂದ್ಯರು ಕೆಲಸ ಮಾಡದ ವಿಶ್ರಾಂತಿ ದಿನ. ಸಭಾಮಂದಿರದಲ್ಲಿ ಬೋಧನೆ, ಅಲ್ಲೇ ದೆವ್ವ ಹಿಡಿದವನನ್ನ ಬಿಡಿಸಿದ್ದು, ಆಮೇಲೆ ಶಿಷ್ಯ ಸೀಮೋನನ ಅತ್ತೆಯ ಜ್ವರ ವಾಸಿ ಮಾಡಿದ್ದು, ಹೊತ್ತು ಮುಳುಗಿದ ಮೇಲಂತೂ (ಸಬ್ಬತ್ ಮುಗೀತಲ್ಲ, ರೋಗಿಗಳನ್ನ ಹೊತ್ಕೊಂಡು ಬರೋಕೆ ಈಗ ಅಡ್ಡಿ ಇಲ್ಲ) ಊರಿಗೆ ಊರೇ ಬಾಗಿಲ ಮುಂದೆ. ಇಷ್ಟಾದ ಮಾರನೇ ಬೆಳಿಗ್ಗೆನೇ ಅವರು ಎದ್ದು ಹೋಗಿದ್ದು. ಬಿಡುವಿತ್ತು ಅಂತ ಪ್ರಾರ್ಥನೆ ಮಾಡಿದ್ದಲ್ಲ.

ನನಗೆ ಇದಕ್ಕಿಂತ ಮುಖ್ಯ ಅನ್ಸೋದು ಆಮೇಲಿನ ಭಾಗ. ಸೀಮೋನ ಮತ್ತೆ ಜೊತೆಗಿದ್ದವರು ಹುಡುಕ್ಕೊಂಡು ಬಂದು ಎಲ್ರೂ ನಿಮ್ಮನ್ನೇ ಹುಡುಕ್ತಿದ್ದಾರೆ ಅಂತಾರೆ, ಅದು ಕೆಟ್ಟ ಕರೆ ಏನಲ್ಲ, ಒಳ್ಳೇ ಕೆಲಸಕ್ಕೇ ಕರೀತಿದ್ದಾರೆ, ಆದ್ರೂ ಯೇಸು ವಾಪಸ್ ಹೋಗದೆ ಅಕ್ಕಪಕ್ಕದ ಊರುಗಳಿಗೆ ಹೋಗೋಣ, ಅಲ್ಲೂ ಸಾರಬೇಕು, ನಾನು ಬಂದಿದ್ದೇ ಅದಕ್ಕೆ ಅಂತಾರೆ. ಯಾವುದು ತನ್ನ ಕೆಲಸ ಅನ್ನೋದನ್ನ ಅವರು ಗುಂಪಿನ ಮಾತು ಕೇಳಿ ತೀರ್ಮಾನ ಮಾಡ್ಲಿಲ್ಲ. ಲೂಕ 6:12 ಕೂಡ ಇದರ ಜೊತೆ ಇಟ್ಟು ಓದಿ, ಹನ್ನೆರಡು ಜನ ಅಪೊಸ್ತಲರನ್ನ (ಮುಖ್ಯ ಶಿಷ್ಯರನ್ನ) ಆರಿಸೋ ಮುಂಚೆ ರಾತ್ರಿಯೆಲ್ಲಾ ಬೆಟ್ಟದಲ್ಲಿ ಪ್ರಾರ್ಥನೆ.

ಇನ್ನೊಂದು ವಿಷಯ. ಮಾರ್ಕ 1:35ರ ಆ ಜನ ಇಲ್ಲದ ಜಾಗಕ್ಕೆ ಮೂಲ ಗ್ರೀಕಲ್ಲಿ ಬಳಸಿರೋ ಪದ ಎರೆಮೊಸ್. ಅದೇ ಅಧ್ಯಾಯದ 12, 13ರಲ್ಲಿ ಯೇಸು 40 ದಿನ ಸೈತಾನನಿಂದ ಶೋಧನೆಗೆ (ಪರೀಕ್ಷೆಗೆ) ಒಳಗಾದ ಅಡವಿಗೂ ಅದೇ ಪದ. ಹಾಗಾಗಿ ಒಬ್ರೇ ಕೂತ ಕೂಡ್ಲೇ ಮನಸ್ಸಿಗೆ ಸಮಾಧಾನ ಬರ್ಲಿಲ್ಲ, ಹಳೇ ಕೋಪ, ಭಯ, ಬೇಡದ ಯೋಚನೆಗಳೇ ನುಗ್ಗಿ ಬಂದ್ವು ಅಂದ್ರೆ ಪ್ರಾರ್ಥನೆ ಕೆಟ್ಟೋಯ್ತು ಅಂತ ಎದ್ದು ಬರ್ಬೇಡಿ ಪ್ಲೀಸ್, ಬಂದಿದ್ದನ್ನೇ ದೇವರ ಮುಂದೆ ಇಡಿ. ಬೈಬಲಿನ ಕೀರ್ತನೆಗಳು ಎಷ್ಟೋ ಕಡೆ ಮಾಡೋದು ಅದನ್ನೇ.

ಜಾಗದ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೋಬೇಡಿ. ಮತ್ತಾಯ 6:6ರಲ್ಲಿ ಕೋಣೆ ಅಂತ ಇರೋ ಕಡೆ ಮೂಲದ ಪದ ತಮೇಯೊನ್, ಸಾಮಾನು ಇಡೋ ಒಳಕೋಣೆಗೂ ಅದೇ ಹೆಸರು. ಯಾರಿಗೂ ಕಾಣದ ಹಾಗೆ ಬಾಗಿಲು ಮುಚ್ಚಿಕೊಳ್ಳೋಕೆ ಆದ್ರೆ ಸಾಕು.

ಆದ್ರೆ ಆ ಟೈಮಲ್ಲೇ ಯಾರಾದ್ರೂ ಕರೆದ್ರೆ? ಇದಕ್ಕೆ ಮಾರ್ಕ 6 ನೋಡಿ. ಸ್ವಲ್ಪ ದಣಿವಾರಿಸಿಕೊಳ್ಳೋಣ ಅಂತ ಶಿಷ್ಯರನ್ನ ದೋಣಿಯಲ್ಲಿ ಕರ್ಕೊಂಡು ಹೋದ್ರೆ ಜನ ಮೊದಲೇ ಓಡಿ ಬಂದು ಕಾಯ್ತಿದ್ರು. ಯೇಸು ಸಿಡುಕ್ಲಿಲ್ಲ, ಅವರನ್ನ ನೋಡಿ ಕನಿಕರಪಟ್ರು, ಬೋಧಿಸಿದ್ರು, ಊಟನೂ ಕೊಟ್ರು. ಆದ್ರೆ 46ನೇ ವಚನ ಬಿಟ್ಬಿಡ್ಬೇಡಿ: ಎಲ್ರನ್ನೂ ಕಳಿಸಿದ ಮೇಲೆ ಒಬ್ರೇ ಬೆಟ್ಟಕ್ಕೆ ಹೋಗಿ ಪ್ರಾರ್ಥನೆ ಮಾಡಿದ್ರು.