ಕೆಂಪು ಬಂತೆಂದು ಟೆಸ್ಟನ್ನೇ ತಿದ್ದಬೇಡಿ

ಯುನಿಟ್ ಟೆಸ್ಟ್ ಅಂದರೆ ಕೋಡಿನ ಒಂದು ತುಣುಕು ನಿರೀಕ್ಷಿಸಿದ ಉತ್ತರ ಕೊಡುತ್ತದೆಯೇ ಎಂದು ನೋಡುವ ಪುಟ್ಟ ಪರೀಕ್ಷೆ; ಪಾಸಾದರೆ ಹಸಿರು, ಫೇಲಾದರೆ ಕೆಂಪು ಅನ್ನುತ್ತೇವೆ. ಅದು ಫೇಲಾದ ಕೂಡಲೇ ನಮ್ಮ ಹುಡುಗರು ಲೈಬ್ರರಿಗಳನ್ನು ಮತ್ತೆ ಇನ್‌ಸ್ಟಾಲ್ ಮಾಡುತ್ತಾರೆ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಆವೃತ್ತಿ ಬದಲಿಸುತ್ತಾರೆ, ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡುತ್ತಾರೆ. ಪರದೆಯ ಮೇಲಿನ ಸಂದೇಶವನ್ನು ಮಾತ್ರ ಓದುವುದಿಲ್ಲ.

ಗಂಗಾವತಿಯ ಭತ್ತದ ವ್ಯಾಪಾರಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತಿದ್ದೇವೆ. ಜೊತೆಗಿರುವ ಹುಡುಗ ಬಲು ಚುರುಕು. ಮೊನ್ನೆ ಫೋನ್ ಮಾಡಿ, "ಟೆಸ್ಟೇ ತಪ್ಪೈತ್ರಿ ಸರ್, ತಿದ್ದಿಬಿಡ್ಲಾ?" ಅಂದ. ಪೂರ್ತಿ ಸಂದೇಶ ಕಳಿಸು ಅಂದೆ. ತಕರಾರು ಬಳ್ಳಾರಿ ಜಿಲ್ಲೆಯ ಹೆಸರಿನದು. 2014ರ ನವೆಂಬರ್ 1ರಿಂದ ಬಳ್ಳಾರಿಯ ಅಧಿಕೃತ ಇಂಗ್ಲಿಷ್ ಕಾಗುಣಿತ ಬದಲಾಗಿದೆ: ಎರಡನೆಯ ಅಕ್ಷರ 'ಇ' ಹೋಗಿ 'ಎ' ಆಯಿತು, ಕೊನೆಯ 'ವೈ' ಹೋಗಿ 'ಐ' ಆಯಿತು. ಟೆಸ್ಟ್ ನಿರೀಕ್ಷಿಸಿದ್ದು ಹೊಸ ಹೆಸರನ್ನು; ಇವನ ಕೋಡಿನಲ್ಲಿ ಕೊನೆಯ ಅಕ್ಷರ ಹೊಸದು, ಎರಡನೆಯದು ಹಳೆಯದು. ಟೆಸ್ಟ್‌ಗಳನ್ನು ಓಡಿಸುವ ಪೈಥಾನಿನ ಲೈಬ್ರರಿ ಯುನಿಟ್‌ಟೆಸ್ಟ್ ಎರಡೂ ಹೆಸರನ್ನು ಒಂದರ ಕೆಳಗೊಂದು ಇಟ್ಟು, ಬೇರೆಯಾದ ಅಕ್ಷರದ ಕೆಳಗೇ ಗುರುತು ಹಾಕಿ ತೋರಿಸಿತ್ತು. ಟೆಸ್ಟ್ ತಿದ್ದಿದ್ದರೆ ಜಿಲ್ಲಾವಾರು ವರದಿಯಲ್ಲಿ ಬಳ್ಳಾರಿ ಎರಡು ಸಾಲಾಗಿ ಒಡೆದು, ಲೆಕ್ಕ ತಾಳೆಯಾಗುತ್ತಿರಲಿಲ್ಲ.

ಟೆಸ್ಟ್ ಎಂದೂ ತಪ್ಪಿರುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಎಷ್ಟೋ ಸಲ ಟೈಪೊ, ಅಂದರೆ ಟೈಪಿಂಗ್ ತಪ್ಪು, ಅದರಲ್ಲೇ ಇರುತ್ತದೆ. ಆದರೆ ಯಾವುದು ಸರಿ ಎಂಬುದನ್ನು ಕೋಡೂ ಹೇಳಲಾರದು, ಟೆಸ್ಟೂ ಹೇಳಲಾರದು. ಸಂದೇಶ ಹೇಳುವುದು ಇಷ್ಟೇ: ಇದನ್ನು ನಿರೀಕ್ಷಿಸಿದ್ದೆ, ಇದು ಬಂತು. ತೀರ್ಮಾನಕ್ಕೆ ಸರ್ಕಾರದ ಆದೇಶವನ್ನೋ ವ್ಯಾಪಾರಿ ಬರೆದುಕೊಟ್ಟ ಕಾಗದವನ್ನೋ ನೋಡಬೇಕು. ಹಸಿರು ಬರಲಿ ಎಂದು ಬಂದ ಉತ್ತರವನ್ನೇ ನಿರೀಕ್ಷೆಯ ಜಾಗಕ್ಕೆ ಅಂಟಿಸಿದರೆ, ಆ ಟೆಸ್ಟ್ ಅಂದಿನಿಂದ ತಪ್ಪನ್ನೇ ಕಾಪಾಡುತ್ತದೆ.

ಕೆಂಪಾದ ಟೈಪೊ ಸಿಕ್ಕಿಬಿತ್ತು, ಅದರ ಬಗ್ಗೆ ನನಗೆ ಚಿಂತೆಯಿಲ್ಲ. ಕೆಂಪೇ ಆಗದ ಟೈಪೊಗಳ ಬಗ್ಗೆ ಇದೆ. ಪೈಥಾನಿನ ಮಾಕ್ ಆಬ್ಜೆಕ್ಟ್, ಅಂದರೆ ಟೆಸ್ಟಿನಲ್ಲಿ ಅಸಲಿಯ ಬದಲು ನಿಲ್ಲಿಸುವ ನಕಲಿ, ಹೆಚ್ಚುಕಡಿಮೆ ಯಾವ ಹೆಸರಿನಿಂದ ಕರೆದರೂ ಓಗೊಡುತ್ತದೆ. ಹಾಗಾಗಿ ಆ ನಕಲಿಗೆ ಕರೆ ಸರಿಯಾಗಿ ಬಂತೇ ಎಂದು ಪರಿಶೀಲಿಸುವ ಅಸರ್ಟ್ ವಿಧಾನದ (ಮೆಥಡ್) ಹೆಸರು ತಪ್ಪಾಗಿ ಬರೆದರೂ ಮೊದಲೆಲ್ಲ ಟೆಸ್ಟ್ ಸದ್ದಿಲ್ಲದೆ ಪಾಸಾಗುತ್ತಿತ್ತು. 2015ರ 3.5 ಆವೃತ್ತಿಯಿಂದ ಇಂಥ ಕೆಲವು ತಪ್ಪುಗಳಿಗೆ ಎರರ್ ಬರುತ್ತದೆ, ಎಲ್ಲಕ್ಕೂ ಅಲ್ಲ. ಹಾಗೆಯೇ ಟೆಸ್ಟ್ ವಿಧಾನದ ಹೆಸರಿನ ಆರಂಭದ 'ಟೆಸ್ಟ್' ಎಂಬಲ್ಲಿ ಅಕ್ಷರ ಹಿಂದುಮುಂದಾದರೆ ಯುನಿಟ್‌ಟೆಸ್ಟ್ ಅದನ್ನು ಓಡಿಸುವುದೇ ಇಲ್ಲ.

ಅದಕ್ಕೇ ಹೊಸ ಟೆಸ್ಟ್ ಬರೆದಾಗ ಕೋಡನ್ನು ಬೇಕೆಂದೇ ಒಮ್ಮೆ ಕೆಡಿಸಿ, ಟೆಸ್ಟ್ ಕೆಂಪಾಗುವುದನ್ನು ಕಣ್ಣಾರೆ ನೋಡಿ. ಎಷ್ಟು ಟೆಸ್ಟ್ ಓಡಿದವು ಎಂದು ಕೊನೆಯಲ್ಲಿ ಬರುವ ಸಂಖ್ಯೆ ಒಂದು ಹೆಚ್ಚಿತೋ ಇಲ್ಲವೋ, ಅದನ್ನೂ ನೋಡಿ.