ಸೇನೆಗೆ ಡ್ರೋನ್ ಮಾರುವ ಸಣ್ಣ ಕಂಪನಿ: ಷೇರು ಕೊಳ್ಳುವ ಮುಂಚೆ ಲೆಕ್ಕ ಓದುವುದು ಹೇಗೆ?

ಡ್ರೋನ್ ಕಂಪನಿಗಳನ್ನೆಲ್ಲ ಒಟ್ಟಿಗೆ ಹರಡಿಕೊಂಡು ಕೂತರೆ ತಲೆ ಕೆಡುತ್ತದೆ. ಅದಕ್ಕೇ ಒಂದನ್ನೇ ಹಿಡಿದು ಓದೋಣ: ಐಡಿಯಾಫೋರ್ಜ್. ಐಐಟಿ ಬಾಂಬೆಯಲ್ಲಿ ಓದಿದ ಹುಡುಗರು 2007ರಲ್ಲಿ ಶುರು ಮಾಡಿದ ಕಂಪನಿ ಇದು. ನಮ್ಮ ಇನ್ಫೋಸಿಸ್ ಕೂಡ ಇದರಲ್ಲಿ ಹಣ ಹಾಕಿತ್ತು. ಪೇಟೆಯಲ್ಲಿ ಲಿಸ್ಟ್ ಆಗಿರುವುದರಿಂದ ಲೆಕ್ಕಪತ್ರವನ್ನು ಯಾರು ಬೇಕಾದರೂ ತೆರೆದು ನೋಡಬಹುದು.

2023ರಲ್ಲಿ ಐಪಿಒ, ಅಂದರೆ ಜನರಿಗೆ ಮೊದಲ ಸಲ ಷೇರು ಮಾರಾಟ, ಬಂದಾಗ ಷೇರಿಗೆ 672 ರೂಪಾಯಿ. ಕನಿಷ್ಠ ಕೊಳ್ಳಬೇಕಾದ ಕಟ್ಟಿಗೆ ಲಾಟ್ ಅನ್ನುತ್ತಾರೆ. ಒಂದು ಲಾಟ್‌ಗೆ 22 ಷೇರು, ಅಂದರೆ 14,784 ರೂಪಾಯಿ. ಇದ್ದ ಷೇರಿಗಿಂತ ನೂರು ಪಟ್ಟು ಜಾಸ್ತಿ ಅರ್ಜಿ ಬಂತು. ಜುಲೈ 7ರಂದು ಮೊದಲ ವಹಿವಾಟು 1,300ರ ಆಸುಪಾಸಿನಲ್ಲಿ ನಡೆಯಿತು. ಲಾಟ್ ಸಿಕ್ಕವರ ಹಣ ಬೆಳಗಾಗುವಷ್ಟರಲ್ಲಿ ಹೆಚ್ಚುಕಡಿಮೆ ದುಪ್ಪಟ್ಟು. ನನಗೆ ಸಿಗಲಿಲ್ಲ, ಹೊಟ್ಟೆ ಉರಿದದ್ದು ನಿಜ. 2025ರ ಮಾರ್ಚ್ ಹೊತ್ತಿಗೆ ಅದೇ ಷೇರು 400ಕ್ಕಿಂತ ಕೆಳಗಿತ್ತು.

ಹಾಗಂತ ಡ್ರೋನ್ ಹಾರುವುದೇನೂ ನಿಂತಿರಲಿಲ್ಲ. ವರ್ಷದ ಆದಾಯವನ್ನು ಸಾಲಾಗಿ ಬರೆದುಕೊಳ್ಳಿ. 2020-21ರಲ್ಲಿ ಸುಮಾರು 35 ಕೋಟಿ. ಮುಂದಿನ ವರ್ಷ 159 ಕೋಟಿ. ಆಮೇಲೆ 186, ಆಮೇಲೆ 314. ಇಲ್ಲಿಗೆ ನಿಲ್ಲಿಸಿದರೆ ಎಂಥ ಬೆಳವಣಿಗೆ ಅನಿಸುತ್ತದೆ, ಅಲ್ವಾ? 2024-25ರಲ್ಲಿ ಅದು 161 ಕೋಟಿಗೆ ಇಳಿಯಿತು. ಹಿಂದಿನ ವರ್ಷ 45 ಕೋಟಿ ಲಾಭ ಇದ್ದ ಕಂಪನಿಗೆ 62 ಕೋಟಿ ನಷ್ಟ.

ಮದುವೆ ಅಡುಗೆ ಕಂಟ್ರಾಕ್ಟರ್‌ರನ್ನು ನೆನೆಸಿಕೊಳ್ಳಿ. ಲಗ್ನದ ತಿಂಗಳಲ್ಲಿ ಕೈತುಂಬ ಕೆಲಸ, ಆಷಾಢದಲ್ಲಿ ಒಲೆ ತಣ್ಣಗೆ. ಆದರೂ ಭಟ್ಟರಿಗೆ ಸಂಬಳ ಕೊಡಲೇಬೇಕು. ವ್ಯತ್ಯಾಸ ಇಷ್ಟೇ: ಆಷಾಢ ಯಾವಾಗ ಅಂತ ಪಂಚಾಂಗ ಹೇಳುತ್ತದೆ, ಸೇನೆಯ ಖರೀದಿಗೆ ಪಂಚಾಂಗ ಇಲ್ಲ. 2021ರ ಜನವರಿಯಲ್ಲಿ ಸ್ವಿಚ್ ಎಂಬ ಡ್ರೋನ್‌ಗೆ ಸೇನೆಯಿಂದ ಸುಮಾರು 140 ಕೋಟಿಯ ಆರ್ಡರ್ ಬಂದಿತ್ತು. 35 ಇದ್ದದ್ದು 159 ಆಗಿದ್ದರಲ್ಲಿ ದೊಡ್ಡ ಪಾಲು ಅದರದ್ದೇ. ಹಾಗಾಗಿ ಇಂಥ ಕಂಪನಿಯ ಒಂದು ವರ್ಷದ ಲಾಭ ಹಿಡಿದು ಪಿಇ (ಷೇರಿನ ಬೆಲೆ ಅದರ ಲಾಭದ ಎಷ್ಟು ಪಟ್ಟು) ಲೆಕ್ಕ ಹಾಕುವುದು ಸುಮ್ನೆ ಕಾಲಹರಣ. ನಾಲ್ಕೈದು ವರ್ಷದ ಸರಾಸರಿ ತೆಗೆಯಿರಿ.

ಈಗ ಟೆಂಡರ್. ಇದೇ ಮುಖ್ಯ, ಸ್ವಲ್ಪ ನಿಧಾನವಾಗಿ ಓದಿ. ಸೇನೆ ತನಗೆ ಬೇಕಾದ ಗುಣಗಳ ಪಟ್ಟಿ ಕೊಡುತ್ತದೆ: ಇಷ್ಟು ಹೊತ್ತು ಹಾರಬೇಕು, ಇಷ್ಟು ದೂರ ಹೋಗಬೇಕು, ಇಷ್ಟು ಎತ್ತರದಲ್ಲಿ ಏಳಬೇಕು. ಕಂಪನಿಗಳು ತಮ್ಮದೇ ಖರ್ಚಿನಲ್ಲಿ ಡ್ರೋನ್ ಹೊತ್ತುಕೊಂಡು ಟ್ರಯಲ್‌ಗೆ ಹೋಗಬೇಕು. ‘ನೋ ಕಾಸ್ಟ್ ನೋ ಕಮಿಟ್‌ಮೆಂಟ್’ ಅನ್ನುತ್ತಾರೆ. ಅಂದರೆ ಸೇನೆ ಖರ್ಚೂ ಕೊಡುವುದಿಲ್ಲ, ಮಾತೂ ಕೊಡುವುದಿಲ್ಲ. ಚಳಿಯಲ್ಲಿ ಬ್ಯಾಟರಿ ಬೇಗ ಸೋಲುತ್ತದೆ, ತೆಳುವಾದ ಗಾಳಿಯಲ್ಲಿ ರೆಕ್ಕೆಗೆ ಎತ್ತುವ ಬಲ ಸಾಕಷ್ಟು ಸಿಗುವುದಿಲ್ಲ. ಅರ್ಧ ಜನ ಅಲ್ಲೇ ಉದುರಿಹೋಗಬಹುದು.

ಉಳಿದವರೆಲ್ಲ ಪಾಸ್. ಇಲ್ಲೇ ಇರುವುದು ತಮಾಷೆ. 15 ಕಿಲೋಮೀಟರ್ ಕೇಳಿದ ಕಡೆ 15 ಹೋದವನೂ ಪಾಸ್, 20 ಹೋದವನೂ ಪಾಸ್. ಸಾಮಾನ್ಯವಾಗಿ ಅಲ್ಲಿಂದ ಮುಂದೆ ನೋಡುವುದು ದರವನ್ನು ಮಾತ್ರ. ಕಡಿಮೆ ಕೂಗಿದವನು ಎಲ್-1, ಆರ್ಡರ್ ಅವನದ್ದು. ಹೆಚ್ಚುವರಿ 5 ಕಿಲೋಮೀಟರ್‌ಗೆ ಸಂಶೋಧನೆಯ ದುಡ್ಡು ಸುರಿದವನು ದರ ಇಳಿಸಲಾಗದೆ ಹೊರಗೆ ಉಳಿಯಬಹುದು. ಅದಕ್ಕೇ ‘ನಮ್ಮ ತಂತ್ರಜ್ಞಾನವೇ ಬೆಸ್ಟ್’ ಅನ್ನುವ ಪ್ರೆಸೆಂಟೇಷನ್ ನೋಡಿ ಷೇರು ಕೊಳ್ಳಬೇಡಿ ಅನ್ನುವುದು ನನ್ನ ಅಭಿಪ್ರಾಯ.

ಗೆದ್ದ ಮೇಲೂ ಹಣ ತಕ್ಷಣ ಬರುವುದಿಲ್ಲ. ಒಂದು ಕಾಲ್ಪನಿಕ ಲೆಕ್ಕ ಮಾಡೋಣ. 100 ಕೋಟಿಯ ಆರ್ಡರ್, ಅದರಲ್ಲಿ 50 ಕೋಟಿ ಬಿಡಿಭಾಗಕ್ಕೆ. ಆ 50 ಕೋಟಿಯನ್ನು 11% ಬಡ್ಡಿಗೆ ಸಾಲ ತಂದು ಹಾಕಿದ್ದೀರಿ. ಡ್ರೋನ್ ಕೊಟ್ಟು, ತಪಾಸಣೆ ಮುಗಿದು, ಬಿಲ್ ಪಾಸಾಗಲು 9 ತಿಂಗಳು. ಬಡ್ಡಿಯೇ ಸುಮಾರು 4.1 ಕೋಟಿ. ಎಲ್-1 ಆಗಲು ಲಾಭವನ್ನು 8 ಕೋಟಿಗೆ ಇಳಿಸಿದ್ದರೆ ಅದರಲ್ಲಿ ಅರ್ಧ ಬ್ಯಾಂಕಿಗೆ ಹೋಯಿತು. ಸರ್ಕಾರಿ ರಸ್ತೆ ಮಾಡಿ ಬಿಲ್ಲಿಗೆ ಕಾಯುವ ಗುತ್ತಿಗೆದಾರರನ್ನು ಕಂಡವರಿಗೆ ಇದೇನೂ ಹೊಸದಲ್ಲ. ಬ್ಯಾಲೆನ್ಸ್ ಶೀಟ್‌ನಲ್ಲಿ ‘ಟ್ರೇಡ್ ರಿಸೀವಬಲ್ಸ್’ (ಗ್ರಾಹಕರಿಂದ ಬರಬೇಕಾದ ಬಾಕಿ) ಮತ್ತು ‘ಇನ್ವೆಂಟರಿ’ (ಇನ್ನೂ ಮಾರಾಟವಾಗದ ಸರಕು, ಬಿಡಿಭಾಗ) ಅನ್ನುವ ಎರಡು ಸಾಲುಗಳಿಗೆ ಗೆರೆ ಎಳೆದುಕೊಳ್ಳಿ.

ಆರ್ಡರ್ ಬುಕ್, ಅಂದರೆ ಇನ್ನೂ ಪೂರೈಸಬೇಕಾದ ಆರ್ಡರ್‌ಗಳ ಮೊತ್ತ, ಅದೂ ಕೈಗೆ ಬಂದ ಹಣವಲ್ಲ. 2025ರ ಫೆಬ್ರುವರಿಯಲ್ಲಿ ಸೇನೆ ಬೇರೊಂದು ಕಂಪನಿಗೆ ಕೊಟ್ಟಿದ್ದ ಸುಮಾರು 230 ಕೋಟಿಯ 400 ಡ್ರೋನ್‌ಗಳ ಗುತ್ತಿಗೆ ರದ್ದಾದ ಸುದ್ದಿ ಓದಿರಬೇಕು. ಕಾರಣ ಚೀನಾದ ಬಿಡಿಭಾಗ. ಮೋಟರ್, ಬ್ಯಾಟರಿ, ಫ್ಲೈಟ್ ಕಂಟ್ರೋಲರ್ ಎಲ್ಲಿಂದ ಬರುತ್ತವೆ ಅನ್ನುವ ಪ್ರಶ್ನೆ ಈಗ ಹೂಡಿಕೆದಾರರದ್ದೂ ಹೌದು.

ಒಮ್ಮೆ ಗೆದ್ದವರೇ ಮತ್ತೆ ಗೆಲ್ಲುತ್ತಾರೆ ಅಂತಲೂ ಇಲ್ಲ. ಅಮೆರಿಕದ ಸೇನೆ ಸಣ್ಣ ಬೇಹು ಡ್ರೋನ್‌ಗಳ ಯೋಜನೆಯ ಮೊದಲ ಕಂತನ್ನು ಸ್ಕೈಡಿಯೊ ಎಂಬ ಕಂಪನಿಗೆ ಕೊಟ್ಟಿತ್ತು. ಎರಡನೇ ಕಂತನ್ನು 2024ರ ನವೆಂಬರ್‌ನಲ್ಲಿ ಅದಕ್ಕಿಂತ ಚಿಕ್ಕದಾದ ರೆಡ್ ಕ್ಯಾಟ್ ಹೊಡೆದುಕೊಂಡಿತು.

2025ರ ಮೇನಲ್ಲಿ ಆಪರೇಷನ್ ಸಿಂಧೂರ ನಡೆದಾಗ ಐಡಿಯಾಫೋರ್ಜ್ ಷೇರು ಕೆಲವೇ ದಿನಗಳಲ್ಲಿ ಜೋರಾಗಿ ಏರಿತು. ಆಗ ಹೊಸ ಆರ್ಡರ್ ಇನ್ನೂ ಬಂದಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ. ಜೂನ್‌ನಲ್ಲಿ ರಕ್ಷಣಾ ಸಚಿವಾಲಯದಿಂದ ಸುಮಾರು 137 ಕೋಟಿಯ ಆರ್ಡರ್ ಬಂತು, ಒಂದು ವರ್ಷದೊಳಗೆ ಪೂರೈಸಬೇಕು ಅನ್ನುವ ಗಡುವಿನೊಂದಿಗೆ. ಮುಂದಿನ ಭೇಟಿಗೆ ಇದೇ ಹೋಮ್‌ವರ್ಕ್. ಅಲ್ಲಿಂದೀಚೆಗಿನ ತ್ರೈಮಾಸಿಕ ಫಲಿತಾಂಶಗಳನ್ನು ತೆರೆಯಿರಿ. ಆ ಹಣ ಯಾವಾಗ ಆದಾಯದ ಸಾಲಿಗೆ ಬಂತು, ಯಾವಾಗ ಬಾಕಿಯ ಸಾಲಿನಿಂದ ಹೊರಬಿತ್ತು ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಂಡು ಬನ್ನಿ.