ಎರಡೇ ಓವರಿನ ಕೌಂಟಿ ಆಟಗಾರ

ಒಂದು ಚೆಂಡನ್ನೂ ಎದುರಿಸದೆ, ಒಂದನ್ನೂ ಎಸೆಯದೆ ಪ್ರಥಮ ದರ್ಜೆ ಕ್ರಿಕೆಟಿಗ ಅನ್ನಿಸಿಕೊಳ್ಳಬಹುದಾ? ಇಂಗ್ಲೆಂಡಿನ ಹ್ಯಾಂಪ್‌ಶೈರ್ ಕೌಂಟಿ (ಜಿಲ್ಲೆ) ತಂಡದ ಫ್ರೆಡ್ ಹೈಲ್ಯಾಂಡ್ ಹೆಸರು ಬಂದಾಗಲೆಲ್ಲ ಈ ಪ್ರಶ್ನೆಯೂ ಬರುತ್ತದೆ.

ಈ ಕೌಂಟಿಗಳ ನಡುವಿನ ಟೂರ್ನಿಯಾದ ಕೌಂಟಿ ಚಾಂಪಿಯನ್‌ಷಿಪ್ ಅಧಿಕೃತವಾಗಿ ಶುರುವಾಗಿದ್ದು 1890ರಲ್ಲಿ. ಯಾವ ಪಂದ್ಯ ಪ್ರಥಮ ದರ್ಜೆಯದು ಎಂದು ಇಂಗ್ಲೆಂಡ್ 1894ರಲ್ಲಿ ಗೊತ್ತುಮಾಡಿತು. ಎಲ್ಲ ದೇಶಗಳಿಗೂ ಹೊಂದುವ ನಿಯಮ ಬಂದದ್ದು 1947ರಲ್ಲಿ. ಮೂರು ದಿನ ಅಥವಾ ಜಾಸ್ತಿ, ತಂಡಕ್ಕೆ ಹನ್ನೊಂದು ಜನ. ನಿಯಮ ನೋಡುವುದು ಪಂದ್ಯವನ್ನು. ಯಾರು ಎಷ್ಟು ಹೊತ್ತು ಆಡಿದರು ಎಂದು ಅದು ಕೇಳುವುದಿಲ್ಲ.

1924ರಲ್ಲಿ ಹ್ಯಾಂಪ್‌ಶೈರ್ ತಂಡ ನಾರ್ಥಾಂಪ್ಟನ್‌ಗೆ ಹೋಯಿತು. ಹನ್ನೊಂದರಲ್ಲಿ ಹೈಲ್ಯಾಂಡ್ ಕೂಡ ಇದ್ದರು. ಆತಿಥೇಯ ನಾರ್ಥಾಂಪ್ಟನ್‌ಶೈರ್ ತಂಡ ಬ್ಯಾಟಿಂಗಿಗೆ ಬಂತು. ಎರಡು ಓವರ್, ವಿಕೆಟ್ ಇಲ್ಲದೆ ಒಂದು ರನ್. ಅಷ್ಟರಲ್ಲಿ ಮಳೆ. ಮೂರು ದಿನದ ಪಂದ್ಯದಲ್ಲಿ ನಡೆದ ಆಟ ಅಷ್ಟೇ. ಹೈಲ್ಯಾಂಡ್ ಅವರಿಗೆ ಮುಂದೆ ಇನ್ನೊಂದು ಪಂದ್ಯ ಸಿಗಲಿಲ್ಲ. ಫೀಲ್ಡಿಂಗ್ ಮಾಡಿದ ಆ ಹನ್ನೆರಡು ಚೆಂಡುಗಳೇ ಅವರ ಇಡೀ ಪ್ರಥಮ ದರ್ಜೆ ಬದುಕು. ಆಮೇಲೆ ಅವರು ಚೆಶೈರ್‌ನಲ್ಲಿ ಸಸಿ ಬೆಳೆಸುವ ನರ್ಸರಿ ನಡೆಸಿ ಒಳ್ಳೆ ಹೆಸರು ಮಾಡಿದರು. ತೀರಿಕೊಂಡದ್ದು 1964ರಲ್ಲಿ.

ಅವರು ಪ್ರೊಫೆಷನಲ್ ಆಗಿದ್ದರು ಎಂಬುದನ್ನು ಮರೆಯಬಾರದು. ಆಗ ಆಟಗಾರರಲ್ಲಿ ಎರಡು ವರ್ಗ. ಸಂಬಳವಿಲ್ಲದೆ ಆಡುವ ಅಮೆಚೂರ್‌ಗಳು ಒಂದು ಕಡೆ, ಆಟದ ದುಡ್ಡಲ್ಲೇ ಬದುಕಬೇಕಾದವರು ಇನ್ನೊಂದು ಕಡೆ. ನಾಯಕತ್ವ ಸಾಮಾನ್ಯವಾಗಿ ಅಮೆಚೂರ್‌ಗಳಿಗೇ. ಸ್ಕೋರ್‌ಕಾರ್ಡಿನಲ್ಲೂ ಇನಿಷಿಯಲ್ ಹಾಕುವ ಜಾಗ ಬೇರೆ: ಅಮೆಚೂರ್‌ಗೆ ಹೆಸರಿಗೆ ಮೊದಲು, ಪ್ರೊಫೆಷನಲ್‌ಗೆ ಹೆಸರಾದ ಮೇಲೆ. ಕೂಲಿಗೆ ಆಡುವವನಿಗೆ ಮಳೆ ಎಂದರೆ ಸುಮ್ನೆ ಒಂದು ರಜೆಯಲ್ಲ. ತನ್ನ ಕೈಚಳಕ ತೋರಿಸುವ ದಿನವೇ ಕೈತಪ್ಪುತ್ತದೆ, ಅಲ್ವಾ?

ಹಾಗಾಗಿ ಈ ದಾಖಲೆಯನ್ನು ಬರೀ ತಮಾಷೆಯ ಕ್ವಿಜ್ ಪ್ರಶ್ನೆ ಮಾಡುವುದು ಸರಿಯಲ್ಲ. ಅದೇ ನಾರ್ಥಾಂಪ್ಟನ್‌ಶೈರ್ ಪರ 1995ರಲ್ಲಿ ನಮ್ಮ ಅನಿಲ್ ಕುಂಬ್ಳೆ ಒಂದೇ ಸೀಸನ್ನಿನಲ್ಲಿ 105 ವಿಕೆಟ್ ಕಿತ್ತರು. ಕೌಂಟಿ ತಂಡಕ್ಕೆ ಆಯ್ಕೆಯಾಗಿ ಮೈದಾನಕ್ಕಿಳಿದ ಹೈಲ್ಯಾಂಡ್ ಕೂಡ ಅದೇ ದರ್ಜೆಯ ಆಟಗಾರರೇ.

ಅಮೆಚೂರ್, ಪ್ರೊಫೆಷನಲ್ ಎಂಬ ಭೇದ 1962ರ ಕೊನೆಗೆ ಹೋಯಿತು. ಕೌಂಟಿ ಆಟದಲ್ಲಿ ಮಳೆ ಬಂದಾಗ ಪಿಚ್ ಪೂರ್ತಿ ಮುಚ್ಚುವುದು 1981ರಲ್ಲಿ ಬಂತು. 1993ರಿಂದ ಚಾಂಪಿಯನ್‌ಷಿಪ್ ಪಂದ್ಯಗಳೆಲ್ಲ ನಾಲ್ಕು ದಿನದವು. ಈಗ ಒಂದು ದಿನ ಮಳೆಗೆ ಹೋದರೂ ಹೊಸ ಹುಡುಗನಿಗೆ ಮೂರು ದಿನ ಉಳಿದಿರುತ್ತವೆ.